ಹೆಡ್-ಹೆವಿ ರಾಕೆಟ್ ಕೊಳ್ಳೋ ಮುಂಚೆ ಒಂದು ಗ್ರಾಂ ಟೇಪ್ ಅಂಟಿಸಿ ನೋಡಿ

[ಸ್ಕ್ರೀನ್ ಮೇಲೆ: 565 ಕಿ.ಮೀ./ಗಂಟೆ]

2023ರ ಏಪ್ರಿಲ್ 14. ಜಪಾನಿನಲ್ಲಿರೋ, ಬ್ಯಾಡ್ಮಿಂಟನ್ ರಾಕೆಟ್ ಮಾಡೋ ಯೋನೆಕ್ಸ್ ಕಂಪನಿಯ ಫ್ಯಾಕ್ಟರಿ. ಭಾರತದ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಒಂದು ಸ್ಮ್ಯಾಶ್ ಹೊಡೀತಾರೆ, ಶಟಲ್ ಗಂಟೆಗೆ 565 ಕಿಲೋಮೀಟರ್ ವೇಗದಲ್ಲಿ ಹೊರಡುತ್ತೆ. ಗಿನ್ನೆಸ್ ದಾಖಲೆ. 2013ರಲ್ಲಿ ಮಲೇಷ್ಯಾದ ತಾನ್ ಬೂನ್ ಹಿಯಾಂಗ್ ಮಾಡಿದ್ದ 493 ಹಿಂದೆ ಬಿತ್ತು.

ಆವತ್ತು ಸಾತ್ವಿಕ್ ಕೈಯಲ್ಲಿದ್ದದ್ದು ನ್ಯಾನೋಫ್ಲೇರ್ 1000 ಝಡ್. ಯೋನೆಕ್ಸ್‌ನವರೇ ಹೆಡ್-ಲೈಟ್, ಅಂದ್ರೆ ತಲೆ ಕಡೆ ಹಗುರ, ಅಂತ ಮಾರೋ ಸರಣಿ ಅದು!

ನಮಸ್ಕಾರ. ನಮ್ಮ ವೀಕ್ಷಕರಿಂದ ಪದೇ ಪದೇ ಬರೋ ಪ್ರಶ್ನೆ ಒಂದಿದೆ: "ನಾನು ಇಂಟರ್‌ಮೀಡಿಯೆಟ್ ಪ್ಲೇಯರ್. ಸ್ಮ್ಯಾಶ್‌ನಲ್ಲಿ ಪವರ್ ಸಾಲ್ತಿಲ್ಲ. ಹೆಡ್-ಹೆವಿ ತಗೊಳ್ಲಾ?" ಪವರ್ ಬೇಕಂದ್ರೆ ಹೆಡ್-ಹೆವಿ, ಅಂದ್ರೆ ತಲೆ ಕಡೆ ಭಾರ ಇರೋ ರಾಕೆಟ್, ಅಂತ ಎಲ್ಲರೂ ಹೇಳ್ತಾರೆ. ಹಾಗಾದ್ರೆ ಜಗತ್ತಿನ ಅತಿ ವೇಗದ ಸ್ಮ್ಯಾಶ್ ಹೆಡ್-ಲೈಟ್ ರಾಕೆಟ್‌ನಿಂದ ಬಂದದ್ದು ಹೇಗೆ? ಇದು ಸಿಕ್ಕಿದ್ರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತೆ.

ಬೇಸಿಕ್ಸ್ ಬೇಗ ಮುಗಿಸೋಣ. ರಾಕೆಟ್‌ನ ಒಂದೇ ಬೆರಳ ಮೇಲೆ ಅಡ್ಡ ಇಟ್ಟಾಗ ಎಲ್ಲಿ ಬೀಳದೆ ನಿಲ್ಲುತ್ತೋ ಅದು ಬ್ಯಾಲೆನ್ಸ್ ಪಾಯಿಂಟ್. ಹಿಡಿಯ ತುದಿಯಿಂದ ಅಲ್ಲಿಗೆ ಅಳತೆ ಹಾಕಿ. ಸುಮಾರು 285 ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ಹೆಡ್-ಲೈಟ್, 295 ದಾಟಿದ್ರೆ ಹೆಡ್-ಹೆವಿ, ನಡುವಿನದ್ದು ಈವನ್. ತೂಕಕ್ಕೆ ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದ್ರೆ 85ರಿಂದ 89 ಗ್ರಾಂ, 4ಯು 80ರಿಂದ 84, 5ಯು 75ರಿಂದ 79. ಇಷ್ಟು ಸಾಕು.

ಈಗ ಈ 295 ಅನ್ನೋ ಅಂಕಿಯನ್ನ ಸ್ವಲ್ಪ ಹಿಡಿದು ಅಲ್ಲಾಡಿಸೋಣ. ಇದು ನನಗೆ ತುಂಬಾ ಇಷ್ಟವಾದ ಭಾಗ, ನಿಧಾನವಾಗಿ ನೋಡೋಣ.

[ಸ್ಕ್ರೀನ್ ಮೇಲೆ: ರಾಕೆಟ್‌ನ ರೇಖಾಚಿತ್ರ, ಕೆಳಗೆ ಸ್ಕೇಲ್]

ಗಟ್ಟಿಂಗ್ (ತಲೆಯ ದಾರದ ಬಲೆ) ಇಲ್ಲದ, ಓವರ್‌ಗ್ರಿಪ್ (ಹಿಡಿ ಮೇಲೆ ಸುತ್ತೋ ಪಟ್ಟಿ) ಸುತ್ತದ 85 ಗ್ರಾಂ ರಾಕೆಟ್ ಒಂದಿದೆ ಅಂತಿಟ್ಟುಕೊಳ್ಳಿ. ಬ್ಯಾಲೆನ್ಸ್ 290. ಅಂದ್ರೆ ಈವನ್. ಇದಕ್ಕೆ ಗಟ್ಟಿಂಗ್ ಹಾಕಿಸ್ತೀರಿ, ಸುಮಾರು 5 ಗ್ರಾಂ. ಆ ತೂಕ ಎಲ್ಲಾ ತಲೆಯ ನಡುವೆ, ಹಿಡಿಯ ತುದಿಯಿಂದ 540 ಮಿಲಿಮೀಟರ್ ದೂರದಲ್ಲಿ ಕೂತ್ಕೊಳ್ಳುತ್ತೆ. ಲೆಕ್ಕ ಹಾಕಿದ್ರೆ ಬ್ಯಾಲೆನ್ಸ್ 304ಕ್ಕೆ ಹೋಯ್ತು. ಅದೇ ಫ್ರೇಮ್ ಈಗ ಹೆಡ್-ಹೆವಿ. ಆಮೇಲೆ ಓವರ್‌ಗ್ರಿಪ್ ಸುತ್ತಿದ್ರಿ. ಅದೂ 5 ಗ್ರಾಂ, ಆದ್ರೆ ಹಿಡಿಯಲ್ಲಿ, ತುದಿಯಿಂದ ಸರಾಸರಿ 90 ಮಿಲಿಮೀಟರ್‌ನಲ್ಲಿ. ಬ್ಯಾಲೆನ್ಸ್ 293ಕ್ಕೆ ಇಳೀತು. ಮತ್ತೆ ಈವನ್!

290, 304, 293. ಫ್ರೇಮ್ ಒಂದೇ. ಹಾಗಾಗಿ ಯಾರಾದ್ರೂ "ನನ್ನ ರಾಕೆಟ್ 300" ಅಂದ್ರೆ ಮೊದಲು ಕೇಳಬೇಕಾದ್ದು: ಗಟ್ಟಿಂಗ್ ಹಾಕಿ ಅಳೆದ್ರಾ, ಗ್ರಿಪ್ ಸುತ್ತಿ ಅಳೆದ್ರಾ? ಎರಡು ಕಂಪನಿಗಳ ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡುವಾಗಲೂ ಈ ಅನುಮಾನ ಇರಲಿ.

ಇನ್ನೂ ಮುಖ್ಯವಾದ್ದು ಇದು. ಓವರ್‌ಗ್ರಿಪ್ ಸುತ್ತಿದಾಗ ಅಂಕಿ 11 ಮಿಲಿಮೀಟರ್ ಇಳೀತು ಅಲ್ವಾ, ತಲೆ ಅಷ್ಟು ಹಗುರಾಯ್ತಾ? ಒಂದು ಚೂರೂ ಇಲ್ಲ. ತಲೆಯಲ್ಲಿದ್ದ ತೂಕ ತಲೆಯಲ್ಲೇ ಇದೆ. ನೀವು ಸೇರಿಸಿದ 5 ಗ್ರಾಂ ನಿಮ್ಮ ಮುಷ್ಟಿಯೊಳಗಿದೆ. ಡ್ರೈವ್, ಬ್ಲಾಕ್, ನೆಟ್ ಹತ್ತಿರದ ಕಿಲ್, ಇಂಥ ಚುರುಕು ಹೊಡೆತಗಳಲ್ಲಿ ರಾಕೆಟ್ ತಿರುಗೋದು ಮುಷ್ಟಿಯ ಸುತ್ತ. ತಿರುಗೋ ವಸ್ತುವಿನಲ್ಲಿ ತೂಕ ಎಷ್ಟು ದೂರ ಇದೆ ಅನ್ನೋದರ ವರ್ಗಕ್ಕೆ ಬೆಲೆ. ಮುಷ್ಟಿಯಿಂದ 5 ಸೆಂಟಿಮೀಟರ್ ದೂರದಲ್ಲಿರೋ ಒಂದು ಗ್ರಾಂಗೂ 45 ಸೆಂಟಿಮೀಟರ್ ದೂರದಲ್ಲಿರೋ ಒಂದು ಗ್ರಾಂಗೂ ದೂರದಲ್ಲಿ ಒಂಬತ್ತು ಪಟ್ಟು ವ್ಯತ್ಯಾಸ, ತಿರುಗಿಸೋ ಶ್ರಮದಲ್ಲಿ 81 ಪಟ್ಟು.

ಮನೆಯಲ್ಲಿ ಸುತ್ತಿಗೆ ಇದ್ರೆ ಎತ್ಕೊಳ್ಳಿ. ಮೊದಲು ಮರದ ಹಿಡಿ ಹಿಡಿದು ಮಣಿಕಟ್ಟಿನಿಂದ ಆ ಕಡೆ ಈ ಕಡೆ ತಿರುಗಿಸಿ. ಆಮೇಲೆ ತಿರುವು ಹಾಕಿ, ಕಬ್ಬಿಣದ ಕಡೆ ಹಿಡಿದು ಅದನ್ನೇ ಮಾಡಿ. ತಕ್ಕಡಿಗೆ ಎರಡೂ ಒಂದೇ. ಮಣಿಕಟ್ಟಿಗೆ ಮಾತ್ರ ಗೊತ್ತಾಗುತ್ತೆ.

ಈ ಗುಣಕ್ಕೆ ಸ್ವಿಂಗ್ ವೇಟ್ ಅಂತಾರೆ. ರಾಕೆಟ್ ಮೇಲೆ ಇದನ್ನ ಅಚ್ಚು ಹಾಕಿರೋದು ನನ್ನ ಕಣ್ಣಿಗೆ ಬಿದ್ದಿಲ್ಲ, ಹಾಕಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಆಡೋವಾಗ ಕೈಗೆ ತಾಗೋದು ಇದೇ. ಎಷ್ಟೋ ಜನ ಹೆಡ್-ಹೆವಿ ತಗೊಂಡು, ಭಾರ ಅನ್ನಿಸಿದಾಗ ದಪ್ಪ ಗ್ರಿಪ್ ಸುತ್ತಿ "ಸರಿ ಹೋಯ್ತು" ಅಂದ್ಕೊಳ್ತಾರೆ. ಬೆರಳ ಮೇಲಿನ ಅಳತೆ ಸರಿ ಹೋಯ್ತು, ಅಷ್ಟೇ. ಡಿಫೆನ್ಸ್‌ನಲ್ಲಿ ರಾಕೆಟ್ ಮೊದಲಿನಷ್ಟೇ ತಡವಾಗಿ ಬರುತ್ತೆ.

ಈಗ ಪವರ್ ವಿಚಾರ. ಶಟಲ್ ತೂಕ ನಿಯಮದ ಪ್ರಕಾರ 4.74ರಿಂದ 5.50 ಗ್ರಾಂ. ಇಷ್ಟು ಹಗುರ ವಸ್ತುವಿಗೆ ಹೊಡೆಯುವಾಗ ತಲೆಗೆ ಇನ್ನಷ್ಟು ತೂಕ ಸೇರಿಸಿದ್ರೆ ಎಷ್ಟು ಲಾಭ? ಹೊಡೆತದ ಕ್ಷಣದಲ್ಲಿ ರಾಕೆಟ್‌ನ ಪೂರ್ತಿ ತೂಕ ಶಟಲ್‌ಗೆ ಎದುರಾಗಲ್ಲ, ಒಂದು ಭಾಗ ಮಾತ್ರ. ಅದು 40 ಗ್ರಾಂ ಅಂತಿಟ್ಟುಕೊಳ್ಳೋಣ. ಶಟಲ್ 5 ಗ್ರಾಂ. ಎರಡೂ ಸೇರಿ 45. ಶಟಲ್‌ಗೆ ಸಿಗೋ ವೇಗ ಈ ಅನುಪಾತದ ಮೇಲೆ ನಿಂತಿದೆ: 40ನ್ನ 45ರಿಂದ ಭಾಗಿಸಿದ್ರೆ 0.889. ಹೆಡ್-ಹೆವಿ ಮಾಡಿ 42 ಅಂತಿಡಿ, 42ನ್ನ 47ರಿಂದ ಭಾಗಿಸಿದ್ರೆ 0.894. ಅದೇ ವೇಗದಲ್ಲಿ ಬೀಸಿದ್ರೆ ಶಟಲ್‌ಗೆ ಸಿಗೋ ಹೆಚ್ಚುವರಿ ವೇಗ ಅರ್ಧ ಪರ್ಸೆಂಟ್ ಆಸುಪಾಸು!

"ಅದೇ ವೇಗದಲ್ಲಿ ಬೀಸಿದ್ರೆ" ಅನ್ನೋ ಷರತ್ತನ್ನ ಗಮನಿಸಿ. ತಲೆ ಭಾರವಾದ ಮೇಲೆ ನಿಮ್ಮ ಬೀಸು ಒಂದೇ ಒಂದು ಪರ್ಸೆಂಟ್ ನಿಧಾನವಾದ್ರೂ ಸಾಕು, ಲಾಭ ಹೋಗಿ ನಷ್ಟ. ಸಾತ್ವಿಕ್ ದಾಖಲೆಯಲ್ಲಿ ಆಶ್ಚರ್ಯ ಇಲ್ಲ ಅನ್ನಿಸುತ್ತಲ್ವಾ ಈಗ? ಶಟಲ್ ವೇಗಕ್ಕೆ ದೊಡ್ಡ ಕಾರಣ ರಾಕೆಟ್ ತಲೆಯ ವೇಗ.

ಹಾಗಂತ ಹೆಡ್-ಹೆವಿ ವ್ಯರ್ಥ ಅಂತ ನಾನು ಹೇಳಲ್ಲ. ಡೆನ್ಮಾರ್ಕ್‌ನ ಆಟಗಾರ ವಿಕ್ಟರ್ ಆಕ್ಸೆಲ್ಸನ್ ಹೆಡ್-ಹೆವಿಯಾದ ಆಸ್ಟ್ರಾಕ್ಸ್ 100 ಝಡ್‌ಝಡ್ ಹಿಡಿದು ಆಡಿದ್ದನ್ನ ನೋಡಿದ್ದೀವಿ. ಬೀಸು ಪೂರ್ತಿಯಾಗಿದ್ದು, ಸಮಯಕ್ಕೆ ಸರಿಯಾಗಿ ಶಟಲ್ ಕೆಳಗೆ ತಲುಪೋ ಆಟಗಾರರಿಗೆ ಸ್ವಲ್ಪ ಭಾರ ಸೇರಿಸಿದ್ರೂ ವೇಗ ಅಷ್ಟಾಗಿ ಇಳಿಯಲ್ಲ. ಅವರಿಗೆ ತಲೆ ತಾನಾಗಿ ಮುಂದೆ ಹೋಗುತ್ತೆ, ಕೈ ಸಡಿಲ ಬಿಟ್ಟು ಹೊಡೆದ್ರೂ ಕ್ಲಿಯರ್, ಅಂದ್ರೆ ಎದುರಾಳಿಯ ಹಿಂಬದಿಗೆ ಎತ್ತರಕ್ಕೆ ಹೊಡೆಯೋ ಹೊಡೆತ, ಹಿಂದಿನ ಗೆರೆ ಮುಟ್ಟುತ್ತೆ.  ಸಿಂಗಲ್ಸ್ ಆಡೋರಿಗೆ, ಡಬಲ್ಸ್‌ನಲ್ಲಿ ಹಿಂದೆ ನಿಂತು ಹೊಡೆಯೋರಿಗೆ ಇದು ದೊಡ್ಡ ಸುಖ.

ಇಂಟರ್‌ಮೀಡಿಯೆಟ್ ಹಂತದಲ್ಲಿ ಹೆಚ್ಚಿನವರ ತೊಂದರೆ ಬೇರೆ ಕಡೆ ಇರುತ್ತೆ. ಶಟಲ್ ತಮ್ಮ ತಲೆ ದಾಟಿ ಹಿಂದೆ ಹೋದ ಮೇಲೆ ಹೊಡೀತಾರೆ. ಭುಜ ಬೀಸ್ತಾರೆ, ಮುಂಗೈ ತಿರುಗಿಸಲ್ಲ. ಈಗಾಗಲೇ ತಡವಾಗ್ತಿರೋ ಕೈಗೆ ಇನ್ನೂ ತಡವಾಗಿ ತಿರುಗೋ ರಾಕೆಟ್ ಕೊಟ್ರೆ ಸ್ಮ್ಯಾಶ್ ಇನ್ನೂ ಮೇಲಕ್ಕೆ ಹೋಗುತ್ತೆ. ನನ್ನ ಪರೀಕ್ಷೆ ಸರಳ: ಕೋರ್ಟ್ ಉದ್ದ 13.40 ಮೀಟರ್. ಈಗಿನ ರಾಕೆಟ್‌ನಲ್ಲೇ ಹಿಂದಿನ ಗೆರೆಯಿಂದ ಎದುರಿನ ಹಿಂದಿನ ಗೆರೆ ತನಕ, ಹಲ್ಲು ಕಚ್ಚದೆ, ಮತ್ತೆ ಮತ್ತೆ ಕ್ಲಿಯರ್ ಮಾಡೋಕೆ ಆಗುತ್ತಾ? ಆಗುತ್ತೆ ಅಂದ್ರೆ ಹೆಡ್-ಹೆವಿ ನಿಮಗೆ ಏನಾದ್ರೂ ಕೊಡಬಹುದು. ಆಗಲ್ಲ ಅಂದ್ರೆ ಆ ದುಡ್ಡನ್ನ ಕೋಚಿಂಗ್‌ಗೆ ಹಾಕಿ.

ಆಗುತ್ತೆ ಅನ್ನೋರಿಗೆ, ಕೊಳ್ಳೋ ಮುಂಚೆ ಒಂದು ಕೆಲಸ ಇದೆ.

[ಸ್ಕ್ರೀನ್ ಮೇಲೆ: ಫ್ರೇಮ್‌ನ ತುದಿಗೆ ಟೇಪ್ ಅಂಟಿಸೋ ಕ್ಲೋಸಪ್]

ಲೆಡ್ ಟೇಪ್, ಅಂದ್ರೆ ಸೀಸದ ಅಂಟುಪಟ್ಟಿ, ತಗೊಳ್ಳಿ. ನಿಮ್ಮ ಹಳೇ ರಾಕೆಟ್ ತಲೆಯ ತುತ್ತ ತುದಿಗೆ ಒಂದು ಗ್ರಾಂ ಅಂಟಿಸಿ. ಗಟ್ಟಿಂಗ್, ಗ್ರಿಪ್ ಸೇರಿ 90 ಗ್ರಾಂ ಇರೋ ರಾಕೆಟ್‌ನಲ್ಲಿ ಬ್ಯಾಲೆನ್ಸ್ ಸುಮಾರು 4 ಮಿಲಿಮೀಟರ್ ಮೇಲಕ್ಕೆ ಹೋಗುತ್ತೆ. ಎರಡು ಗ್ರಾಂ ಅಂಟಿಸಿದ್ರೆ 8. ಈವನ್ ರಾಕೆಟ್ ಹೆಡ್-ಹೆವಿ ಆಯ್ತು, ಟೇಪ್ ಖರ್ಚಲ್ಲಿ. ಇದು ನಿಯಮಕ್ಕೆ ವಿರುದ್ಧವೂ ಅಲ್ಲ: ತೂಕ ಹಂಚೋಕೆ ಅಂತಲೇ ಅಂಟಿಸಿದ್ದು, ಅಳತೆಯಲ್ಲೂ ಜಾಗದಲ್ಲೂ ಅತಿಯಾಗದೆ ಇದ್ರೆ, ಬ್ಯಾಡ್ಮಿಂಟನ್ ನಿಯಮಗಳು ಒಪ್ಪುತ್ತವೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಹೀಗೆ ಒಂದೆರಡು ವಾರ ಆಡಿ. ಸ್ಮ್ಯಾಶ್ ಮಾತ್ರ ನೋಡಬೇಡಿ. ಮೂರನೇ ಗೇಮ್‌ನಲ್ಲಿ ನಿಮ್ಮ ಡಿಫೆನ್ಸ್ ಹೇಗಿತ್ತು, ಎದುರಾಳಿ ಫ್ಲಾಟ್ ಡ್ರೈವ್ ಶುರು ಮಾಡಿದಾಗ ಎರಡನೇ ಶಟಲ್‌ಗೆ ರಾಕೆಟ್ ಬಂತಾ, ಮಾರನೇ ದಿನ ಭುಜ, ಮೊಣಕೈ ಏನಂತಿದೆ, ಇದನ್ನ ನೋಡಿ. ನೋವಿದ್ರೆ ಟೇಪ್ ಕಿತ್ತು ಹಾಕಿ, ಅಲ್ಲಿಗೆ ಮುಗೀತು.

ಟೈಮ್ ಆಗ್ತಾ ಬಂತು, ಉಳಿದದ್ದನ್ನ ಒಟ್ಟಿಗೆ ಹೇಳಿಬಿಡ್ತೀನಿ. ಮೊದಲ ಹೆಡ್-ಹೆವಿಗೆ 4ಯು ನೋಡಿ, 3ಯು ಬೇಡ. ಶಾಫ್ಟ್, ಅಂದ್ರೆ ಹಿಡಿಗೂ ತಲೆಗೂ ನಡುವಿನ ಕೋಲು, ಮೀಡಿಯಂ ಇರಲಿ, ಬೀಸು ನಿಜವಾಗಲೂ ವೇಗವಾಗಿದ್ರೆ ಸ್ಟಿಫ್, ಅಂದ್ರೆ ಕಮ್ಮಿ ಬಾಗೋದು. ಎಕ್ಸ್‌ಟ್ರಾ ಸ್ಟಿಫ್ ಕಡೆ ಕಣ್ಣು ಹಾಕಬೇಡಿ, ಆಸ್ಟ್ರಾಕ್ಸ್ 100 ಝಡ್‌ಝಡ್ ಅಂಥದ್ದೇ. ಅದೇ ಹೆಸರಿನ ಸರಣಿಯಲ್ಲಿ ಪ್ರೋ, ಟೂರ್, ಗೇಮ್, ಪ್ಲೇ ಅಂತ ಮೆಟ್ಟಿಲುಗಳಿದ್ರೆ, ಕೆಳಗಿನವು ಸಾಮಾನ್ಯವಾಗಿ ಹೆಚ್ಚು ಬಾಗುತ್ತವೆ, ಅದರಲ್ಲಿ ಅವಮಾನ ಏನೂ ಇಲ್ಲ. ಗಟ್ಟಿಂಗ್ ಬಿಗಿ 23ರಿಂದ 25 ಪೌಂಡ್. ಅದಕ್ಕಿಂತ ಬಿಗಿ ಮಾಡಿದ್ರೆ ಸ್ವೀಟ್ ಸ್ಪಾಟ್, ಅಂದ್ರೆ ಹೊಡೆತ ಚೆನ್ನಾಗಿ ಕೂರೋ ಜಾಗ, ಚಿಕ್ಕದಾಗುತ್ತೆ, ಪವರ್‌ಗೆ ಅಂತ ಕೊಂಡ ರಾಕೆಟ್‌ನಲ್ಲಿ ಪವರ್ ಕಳ್ಕೊಳ್ತೀರಿ. ಯೋನೆಕ್ಸ್‌ನಲ್ಲಿ ಜಿ5 ಹಿಡಿ ಜಿ4ಗಿಂತ ಸಣ್ಣ, ಅಂಕಿ ದೊಡ್ಡದಾದಷ್ಟೂ ಹಿಡಿ ಸಣ್ಣ. ಮುಂದೆ ನಿಂತು ಆಡೋ ಡಬಲ್ಸ್ ಆಟಗಾರರೇ, ಈ ಇಡೀ ವಿಡಿಯೋ ನಿಮಗಲ್ಲ, ಈವನ್ ರಾಕೆಟ್ ಇಟ್ಕೊಳ್ಳಿ.

ನಿಮ್ಮ ರಾಕೆಟ್ ಬೆರಳ ಮೇಲಿಟ್ಟು ಅಳೆದು ಕಮೆಂಟ್‌ನಲ್ಲಿ ಹಾಕಿ. ಗಟ್ಟಿಂಗ್ ಇತ್ತಾ, ಓವರ್‌ಗ್ರಿಪ್ ಇತ್ತಾ ಅನ್ನೋದನ್ನೂ ಬರೀರಿ, ಇಲ್ಲದಿದ್ರೆ ಆ ಅಂಕಿಯಿಂದ ನನಗೆ ಏನೂ ಹೇಳೋಕಾಗಲ್ಲ.