ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ: ಗೆರೆ ಎಳೆಯುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಕಟ್ಟುವುದೆಂದು ತೀರ್ಮಾನವಾದ ಕೂಡಲೇ ಮನೆಮಂದಿಯೆಲ್ಲ ಕೂತು ಮಾತಾಡುವುದು ಹಾಲ್ ಎಷ್ಟು ದೊಡ್ಡದಿರಬೇಕು, ಬೆಡ್‌ರೂಮು ಎರಡು ಸಾಕೋ ಮೂರು ಬೇಕೋ, ದೇವರ ಕೋಣೆ ಎಲ್ಲಿ ಎಂಬ ವಿಷಯ. ಬೇಕಾದ ಮಾತುಗಳೇ. ಆದರೆ ನಮ್ಮ ಊರುಗಳಲ್ಲಿ ಹೆಚ್ಚಾಗಿ ಸಿಗುವ 30 ಅಡಿ ಅಗಲ, 40 ಅಡಿ ಉದ್ದದ ಸೈಟಿನಲ್ಲಿ ಮೊದಲು ಜಾಗ ಗೊತ್ತುಮಾಡಬೇಕಾದದ್ದು ಮೆಟ್ಟಿಲಿಗೆ ಮತ್ತು ನೀರಿನ ದಾರಿಗೆ. ಇವೆರಡನ್ನು ಕೂರಿಸಿ ಆಮೇಲೆ ಕೋಣೆ ಹಂಚಿಕೊಳ್ಳಿ. ಕೋಣೆಗಳನ್ನೆಲ್ಲ ಹಂಚಿ ಮುಗಿಸಿ, ಉಳಿದ ಮೂಲೆಗೆ ಮೆಟ್ಟಿಲು ತುರುಕಿದ ಮನೆಯಲ್ಲಿ ಮುಂದಿನ ಮೂವತ್ತು ವರ್ಷ ಹತ್ತಿಳಿಯುವವರು ಕಷ್ಟಪಡುತ್ತಾರೆ.

ಪೆನ್ನು, ಕಾಗದ ಹತ್ತಿರ ಇದ್ದರೆ ತೆಗೆದುಕೊಳ್ಳಿ. ಸ್ವಲ್ಪ ಲೆಕ್ಕ ಹಾಕೋಣ.

ಸೈಟಿನ ಸುತ್ತ ಎಷ್ಟು ಜಾಗ ಬಿಡಬೇಕು ಎಂಬ ನಿಯಮ ಊರಿಂದ ಊರಿಗೆ ಬೇರೆ. ನಿಮ್ಮ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಮೊದಲು ವಿಚಾರಿಸಿ. ಉದಾಹರಣೆಗೆ, ಎಡಕ್ಕೆ ಬಲಕ್ಕೆ ಒಂದೊಂದು ಮೀಟರ್, ಅಂದರೆ ಮೂರೂಕಾಲು ಅಡಿಯಂತೆ ಬಿಟ್ಟಿರಿ ಎನ್ನೋಣ. 30 ಅಡಿಯಲ್ಲಿ ಆರೂವರೆ ಹೋಯಿತು, ಉಳಿದದ್ದು 23 ಅಡಿ 6 ಇಂಚು. ಅಕ್ಕಪಕ್ಕ ಎರಡು ಕೋಣೆ ಮಾಡಿದರೆ ಒಂದೊಂದಕ್ಕೆ ಹನ್ನೊಂದೂಮುಕ್ಕಾಲು ಅಡಿ ಸಿಗುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಸಿಗುವುದಿಲ್ಲ. ಹೊರಗೋಡೆಗೆ 8 ಇಂಚಿನ ಬ್ಲಾಕು, ಎರಡು ಬದಿಗೆ 16 ಇಂಚು. ನಡುಗೋಡೆ 4 ಇಂಚು. ಒಳಗೆ ನಾಲ್ಕು ಮುಖಕ್ಕೆ ಅರ್ಧರ್ಧ ಇಂಚು ಪ್ಲಾಸ್ಟರ್, ಹೊರಗಡೆ ಎರಡು ಮುಖಕ್ಕೆ ಮುಕ್ಕಾಲು ಇಂಚಿನಂತೆ. ಕೂಡಿಸಿ ನೋಡಿ, ಹತ್ತಿರ ಹತ್ತಿರ ಎರಡು ಅಡಿ ಗೋಡೆಗೇ ಹೋಯಿತು. ಕೈಗೆ ಬರುವುದು ಇಪ್ಪತ್ತೊಂದೂವರೆ ಅಡಿ, ಅಂದರೆ ಒಂದು ಕೋಣೆಗೆ 11 ಅಡಿ, ಇನ್ನೊಂದಕ್ಕೆ ಹತ್ತೂವರೆ.

ಆ ಹತ್ತೂವರೆ ಅಡಿಯ ಕೋಣೆಯಲ್ಲಿ ಮಂಚ ಹಾಕಿ ನೋಡಿ. ಮಂಚದ ಉದ್ದ ಆರೂಕಾಲು ಅಡಿ, ಎದುರು ಗೋಡೆಯ ವಾರ್ಡ್‌ರೋಬಿನ ಆಳ ಎರಡು ಅಡಿ. ನಡುವೆ ಉಳಿಯುವುದು ಎರಡೂಕಾಲು ಅಡಿ. ವಾರ್ಡ್‌ರೋಬಿನ ಬಾಗಿಲು ತೆರೆದರೆ ಅದೇ ಒಂದೂವರೆ ಅಡಿ ಹೊರಗೆ ಬರುತ್ತದೆ, ನಿಂತು ಬಟ್ಟೆ ತೆಗೆಯಲು ಜಾಗವಿಲ್ಲ. ಹಾಗಾಗಿ ಇಂಥ ಕೋಣೆಯಲ್ಲಿ ವಾರ್ಡ್‌ರೋಬು ಮಂಚದ ಪಕ್ಕದ ಗೋಡೆಗೆ ಬರಬೇಕು, ಇಲ್ಲವೇ ಜಾರುಬಾಗಿಲು ಹಾಕಿಸಬೇಕು. ಕೋಣೆಯ ಬಾಗಿಲನ್ನು ಗೋಡೆಯ ಮಧ್ಯಕ್ಕೆ ಇಡಿಸಬೇಡಿ, ಎರಡು ಬದಿಯ ಗೋಡೆಯೂ ಉಪಯೋಗಕ್ಕೆ ಬಾರದ ತುಂಡಾಗುತ್ತದೆ. ಮೂಲೆಯಿಂದ ನಾಲ್ಕು ಇಂಚು ಬಿಟ್ಟು ಇಡಿಸಿ. ಬಾಗಿಲ ಹಿಂದೆಯೇ ವಾರ್ಡ್‌ರೋಬು ಬರುವುದಾದರೆ ಎರಡೂಕಾಲು ಅಡಿ ಬಿಡಿ. ಎಂಜಿನಿಯರ್ ಕೊಡುವ ನಕ್ಷೆಯಲ್ಲಿ ಮಂಚ, ಸೋಫಾ, ಫ್ರಿಜ್ಜು, ವಾಷಿಂಗ್ ಮೆಷಿನ್ ಎಲ್ಲವೂ ಅಳತೆಗೆ ಸರಿಯಾಗಿ ಬರೆದಿರಲಿ ಎಂದು ಕೇಳುವುದು ನಿಮ್ಮ ಹಕ್ಕು.

ಈಗ ಮೆಟ್ಟಿಲು. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ, ಅಂದರೆ 120 ಇಂಚು. ವಯಸ್ಸಾದವರಿಗೆ ಹಿತವಾದ ಎತ್ತರ ಒಂದು ಮೆಟ್ಟಿಲಿಗೆ 6 ಇಂಚು, ಆರೂಮುಕ್ಕಾಲರವರೆಗೂ ಪರವಾಗಿಲ್ಲ. 6 ಇಂಚಿನ ಲೆಕ್ಕದಲ್ಲಿ ಇಪ್ಪತ್ತು ಏರು. ನಡುವೆ ತಿರುಗುವ ಮೆಟ್ಟಿಲಾದರೆ ಹತ್ತು ಮತ್ತು ಹತ್ತು. ಹತ್ತು ಏರಿಗೆ ಒಂಬತ್ತು ತುಳಿಯುವ ಹಲಗೆ, ಒಂದೊಂದು 10 ಇಂಚು ಅಗಲ, ಒಟ್ಟು ಏಳೂವರೆ ಅಡಿ. ತಿರುವಿನ ಕಟ್ಟೆ 3 ಅಡಿ. ಹೀಗೆ ಉದ್ದ ಹತ್ತೂವರೆ ಅಡಿ. ಅಗಲ ಮೂರು, ಮೂರು ಮತ್ತು ನಡುವಿನ ಅರ್ಧ ಅಡಿ ಸೇರಿ ಆರೂವರೆ. ಇದರ ಜೊತೆ ಮೊದಲ ಮೆಟ್ಟಿಲಿನ ಮುಂದೆ 3 ಅಡಿ ಖಾಲಿ ಜಾಗ ಬೇಕು. ತಿರುವಿನ ಕಟ್ಟೆಯ ಕೆಳಗೆ ಟಾಯ್ಲೆಟ್ ಮಾಡೋಣ ಎಂಬ ಸಲಹೆ ಬರುತ್ತದೆ, ಒಪ್ಪಬೇಡಿ. ಕಟ್ಟೆ ಇರುವುದು 5 ಅಡಿ ಎತ್ತರದಲ್ಲಿ, ಸ್ಲ್ಯಾಬಿನ ದಪ್ಪ ಕಳೆದರೆ ನಾಲ್ಕೂವರೆ. ಅಲ್ಲಿ ಯುಪಿಎಸ್ ಬ್ಯಾಟರಿ ಇಡಬಹುದು, ಮನುಷ್ಯರು ನಿಲ್ಲಲಾಗದು.

ಮೆಟ್ಟಿಲಿನ ವಿಷಯದಲ್ಲಿ ಒಂದು ತಪ್ಪು ಎಷ್ಟೋ ಮನೆಗಳಲ್ಲಿ ಆಗುತ್ತದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಂಕ್ರೀಟ್ ಹಾಕುವಾಗ ಎಲ್ಲ ಮೆಟ್ಟಿಲೂ ಸರಿಯಾಗಿ 6 ಇಂಚು ಇರುತ್ತವೆ. ಆಮೇಲೆ ನೆಲಕ್ಕೆ ಗಾರೆ, ಟೈಲ್ಸು ಸೇರಿ 3 ಇಂಚು ಏರುತ್ತದೆ. ಮೆಟ್ಟಿಲ ಮೇಲೆ ಗ್ರಾನೈಟು ಕೂರುವುದು ಒಂದೂವರೆ ಇಂಚಿನಲ್ಲಿ. ಆಗ ಕೆಳಗಿನ ಮೊದಲ ಮೆಟ್ಟಿಲು ನಾಲ್ಕೂವರೆ ಇಂಚಿಗೆ ಇಳಿಯುತ್ತದೆ, ಮೇಲಿನ ಕೊನೆಯದು ಏಳೂವರೆಗೆ ಏರುತ್ತದೆ. ಕಾಲಿಗೆ ಒಂದೇ ಅಳತೆ ರೂಢಿಯಾಗಿರುತ್ತದೆ, ಜನ ಎಡವುವುದು ಅಲ್ಲೇ. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯುವ ಅಚ್ಚಿನ ಹಲಗೆ ಹೊಡೆಯುವ ಮೊದಲೇ ಮೇಸ್ತ್ರಿಗೆ ಹೇಳಿ, ಕಾಂಕ್ರೀಟಿನಲ್ಲಿ ಮೊದಲ ಮೆಟ್ಟಿಲನ್ನು ಏಳೂವರೆಗೆ, ಕೊನೆಯದನ್ನು ನಾಲ್ಕೂವರೆಗೆ ಇಡಿಸಿ. ಟೈಲ್ಸು, ಗ್ರಾನೈಟು ಕೂತ ಮೇಲೆ ಎಲ್ಲವೂ ಆರಕ್ಕೆ ಬಂದು ನಿಲ್ಲುತ್ತವೆ.

ಇನ್ನು ನೀರು. ಮನೆಯ ಹಿಂಬದಿಯ ಬಚ್ಚಲಿನಿಂದ ರಸ್ತೆಯ ಒಳಚರಂಡಿ ಚೇಂಬರಿಗೆ 30 ಅಡಿ ದೂರ ಎಂದುಕೊಳ್ಳಿ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಬೇಕು. 30 ಅಡಿಗೆ 9 ಇಂಚು. ಆದ್ದರಿಂದ ಪಾಯ ತೋಡುವ ಮೊದಲು ರಸ್ತೆಯ ಚೇಂಬರಿನ ಮುಚ್ಚಳ ತೆಗೆಸಿ, ಒಳಗಿನ ಪೈಪು ಎಷ್ಟು ಆಳದಲ್ಲಿದೆ ಎಂದು ಟ್ಯೂಬ್ ಲೆವೆಲ್, ಅಂದರೆ ಮಟ್ಟ ನೋಡುವ ನೀರು ತುಂಬಿದ ಕೊಳವೆ ಹಿಡಿದು ಅಳೆಯಿಸಿ. ಮನೆಯ ನೆಲ ಎಷ್ಟು ಎತ್ತರಕ್ಕೆ ಬರಬೇಕು ಎಂಬುದು ಅಲ್ಲಿಂದ ಗೊತ್ತಾಗುತ್ತದೆ. ರಸ್ತೆಗಿಂತ ಕನಿಷ್ಠ ಒಂದೂವರೆ ಅಡಿ ಮೇಲಿರಲಿ, ಎರಡು ಅಡಿಯಾದರೆ ಒಳ್ಳೆಯದು, ಏಕೆಂದರೆ ಡಾಂಬರು ಹಾಕಿದಾಗೆಲ್ಲ ರಸ್ತೆ ಏರುತ್ತಲೇ ಇರುತ್ತದೆ. ಕಾರು ನಿಲ್ಲಿಸುವ ಜಾಗವನ್ನು ಮಾತ್ರ ರಸ್ತೆಗಿಂತ ಆರೇಳು ಇಂಚಿಗೆ ನಿಲ್ಲಿಸಿ, ಅಲ್ಲಿಂದ ಮೂರು ಮೆಟ್ಟಿಲು ಹತ್ತಿ ಮನೆಯೊಳಗೆ ಬನ್ನಿ. ಕಾರಿಗೆ ಎಂಟೂವರೆ ಅಡಿ ಅಗಲ, 16 ಅಡಿ ಉದ್ದ ಬೇಕು. ಎರಡೂ ಬದಿಗೆ ಪಿಲ್ಲರ್ ಬಂದು ಏಳೂವರೆ ಅಡಿ ಉಳಿದರೆ ಕಾರು ಒಳಗೆ ಬರುತ್ತದೆ, ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಮೇಲಿನ ಬಚ್ಚಲು ಕೆಳಗಿನ ಬಚ್ಚಲಿನ ನೇರಕ್ಕೇ ಬರಲಿ. ಅಡುಗೆಮನೆಯ ಮೇಲೆ, ದೇವರ ಕೋಣೆಯ ಮೇಲೆ ಬಂದರೆ ಮುಂದೊಂದು ದಿನ ಒದ್ದೆಯಾಗುವುದು ಆ ಚಾವಣಿಯೇ. ಬಚ್ಚಲಿನ ಸ್ಲ್ಯಾಬನ್ನು ತಗ್ಗಿಸಿ ಹಾಕಿದ ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡಿ, ಆಮೇಲೆ ಆ ತಗ್ಗನ್ನು ತುಂಬಿಸಿ ನೆಲ ಮಾಡಿಸಿ.

ಸಂಪು, ಅಂದರೆ ನೆಲದೊಳಗಿನ ನೀರಿನ ತೊಟ್ಟಿಗೆ ಒಂದು ಲೆಕ್ಕ. ಒಬ್ಬರಿಗೆ ದಿನಕ್ಕೆ 135 ಲೀಟರು, ಐದು ಜನಕ್ಕೆ 675. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಾದರೆ ಎರಡು ಸಾವಿರ ಲೀಟರು ಬೇಕೇ ಬೇಕು, ಒಂದು ಸಲ ನೀರು ತಪ್ಪಿದರೂ ನಡೆಯಬೇಕೆಂದರೆ ಅದರ ದುಪ್ಪಟ್ಟು. 6 ಅಡಿಗೆ 6 ಅಡಿ, 5 ಅಡಿ ನೀರು ನಿಂತರೆ ಐದು ಸಾವಿರ ಲೀಟರು ಚಿಲ್ಲರೆ. ಸಂಪು ಮುಂಭಾಗದ ಒಂದು ಬದಿಗಿದ್ದರೆ ಕೊಳಚೆಯ ಚೇಂಬರು ಇನ್ನೊಂದು ಬದಿಗಿರಲಿ. ಪಿಲ್ಲರಿನ ಪಾಯಕ್ಕೆ ಅಂಟಿಕೊಂಡು ಸಂಪು ತೋಡಿದರೆ ಅದರ ಬುಡದ ಮಣ್ಣು ಸಡಿಲವಾಗುತ್ತದೆ, ಅದೂ ನಕ್ಷೆಯಲ್ಲೇ ಇತ್ಯರ್ಥವಾಗಲಿ. ಬೆಂಗಳೂರಿನಲ್ಲಿ 1,200 ಚದರ ಅಡಿ ಮತ್ತು ಮೇಲ್ಪಟ್ಟ ಸೈಟಿನ ಹೊಸ ಮನೆಗೆ ಮಳೆನೀರು ಸಂಗ್ರಹ ಕಡ್ಡಾಯ. ಬೇರೆ ಊರಿನವರೂ ಮಾಡಿಸಿ. 800 ಚದರ ಅಡಿ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸಾವಿರದ ಎಂಟುನೂರು ಲೀಟರಿಗೂ ಮೇಲೆ ನೀರು.

ಕಿಟಕಿಯ ವಿಸ್ತಾರ ಬಯಲುಸೀಮೆಯಲ್ಲಿ ನೆಲದ ಹತ್ತರಲ್ಲೊಂದು ಭಾಗ, ಕರಾವಳಿಯಲ್ಲಿ ಆರರಲ್ಲೊಂದು ಭಾಗ ಇರಬೇಕು. ಬಯಲುಸೀಮೆಯ 11 ಅಡಿ ಚೌಕದ ಕೋಣೆಗೆ 4 ಅಡಿ, 3 ಅಡಿಯ ಕಿಟಕಿ ಹೆಚ್ಚುಕಡಿಮೆ ಲೆಕ್ಕಕ್ಕೆ ಸಾಕು. ಆದರೆ ಜಾರುವ ಕಿಟಕಿ ತೆರೆಯುವುದು ಅರ್ಧ ಮಾತ್ರ, ಗಾಳಿ ಬರುವುದು 6 ಚದರ ಅಡಿಯಲ್ಲಿ. ಅದನ್ನೇ ಹಾಕಿಸುವುದಾದರೆ ಅಳತೆ ಹೆಚ್ಚಿಸಿ. ಅಕ್ಕಪಕ್ಕದ ಮನೆಗಳು ಒತ್ತಿಕೊಂಡಿರುವ ಬಡಾವಣೆಯಲ್ಲಿ ಮೆಟ್ಟಿಲಿನ ನೆತ್ತಿಯ ಮೇಲೆ ಬೆಳಕಿಂಡಿ ಇಟ್ಟು, ಪಕ್ಕದಲ್ಲಿ ಬಿಸಿಗಾಳಿ ಹೊರಹೋಗಲು ಜಾಲರಿ ಬಿಡಿಸಿ.

ವಾಸ್ತು ನೋಡುವವರು, ಆಯ, ಅಂದರೆ ಮನೆಯ ಅಳತೆ ಶುಭವೇ ಎಂಬ ಲೆಕ್ಕ ಹಾಕಿಸುವವರು ಆ ಕೆಲಸವನ್ನು ಎಲ್ಲಕ್ಕಿಂತ ಮೊದಲೇ ಮುಗಿಸಿ. ಆಯಕ್ಕಾಗಿ ಹೊರಗಿನ ಅಳತೆ ನಾಲ್ಕಿಂಚು ಬದಲಾದರೂ ಪಿಲ್ಲರ್, ಮೆಟ್ಟಿಲು, ಬಾಗಿಲು ಎಲ್ಲವೂ ಸರಿಯುತ್ತವೆ. ಕಾಗದದ ಮೇಲೆ ಅದು ಅರ್ಧ ದಿನದ ಕೆಲಸ. ಕಂಬಿ ಕಟ್ಟಿದ ಮೇಲಾದರೆ ಒಡೆಯಬೇಕು.

ಮುಂದೆ ಎಷ್ಟು ಅಂತಸ್ತು ಏರಿಸುತ್ತೀರಿ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ಈಗಲೇ ಹೇಳಿ, ಪಾಯದ ಅಳತೆ ಅದರ ಮೇಲೆ ನಿಂತಿದೆ. ಮನೆಯ ನಕ್ಷೆಯ ಜೊತೆ ಪಿಲ್ಲರ್ ಮತ್ತು ಕಂಬಿಯ ನಕ್ಷೆ, ನೀರು ಹಾಗೂ ಕೊಳಚೆ ಪೈಪಿನ ನಕ್ಷೆ, ಸ್ವಿಚ್ಚು–ಪಾಯಿಂಟುಗಳ ನಕ್ಷೆ, ಈ ಮೂರನ್ನೂ ಬರೆಸಿಕೊಂಡು ಒಂದರ ಮೇಲೊಂದಿಟ್ಟು ತಾಳೆ ನೋಡಿ. ಪೈಪು ತೊಲೆಯನ್ನು ಸೀಳಿಕೊಂಡು ಹೋಗುವುದು, ಸ್ವಿಚ್ಚು ಬಾಗಿಲ ಹಿಂದೆ ಅಡಗುವುದು ಆಗ ಕಣ್ಣಿಗೆ ಬೀಳುತ್ತದೆ. ಗೋಡೆಗೆ ಪ್ಲಾಸ್ಟರ್ ಮಾಡುವ ಹಿಂದಿನ ದಿನ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಮೊಳೆ ಹೊಡೆಯುವಾಗ ಅದೇ ನಿಮಗೆ ದಾರಿ ತೋರಿಸುತ್ತದೆ.

ನಮಸ್ಕಾರ.