ಘಾಟಿ ಇಳಿಯುವ ಭಯಕ್ಕೆ ಹೊಸ ಚಿಕಿತ್ಸೆ

ಸ್ನೇಹಿತರೇ,

ಹೆದರಿಸುವುದನ್ನು ಎದುರಿಸಿಯೇ ಹೆದರಿಕೆಯನ್ನು ಗೆಲ್ಲಬೇಕು ಎಂಬ ಚಿಕಿತ್ಸೆ ಹಳೆಯದು. ಮೈ ಸಡಿಲಿಸಿಕೊಂಡು, ಸಣ್ಣ ಭಯದಿಂದ ದೊಡ್ಡ ಭಯಕ್ಕೆ ಹಂತ ಹಂತವಾಗಿ ಹೋಗುವ ಕ್ರಮವನ್ನು ಮನೋವೈದ್ಯ ಜೋಸೆಫ್ ವೋಲ್ಪ್ 1958ರಲ್ಲೇ ವಿವರಿಸಿದ್ದರು. ಆಮೇಲೆ ಬಹುಕಾಲ ‘ಭಯ ಇಳಿಯುವವರೆಗೂ ಅಲ್ಲೇ ಇರಿ’ ಎನ್ನುವುದು ವಾಡಿಕೆಯಾಗಿತ್ತು. ಮನಶ್ಶಾಸ್ತ್ರಜ್ಞೆ ಮಿಶೆಲ್ ಕ್ರಾಸ್ಕೆ ಮತ್ತು ಸಂಗಡಿಗರು 2008ರಿಂದೀಚೆಗೆ ಇದನ್ನು ಪ್ರಶ್ನಿಸಿದರು. ಅವರ ಪ್ರಕಾರ, ಎದುರಿಸುವ ಹೊತ್ತಿನಲ್ಲಿ ಭಯ ಎಷ್ಟು ಇಳಿಯಿತು ಎಂಬುದನ್ನು ನೋಡಿ ಮುಂದೆ ಎಷ್ಟು ಗುಣವಾಗುತ್ತದೆ ಎಂದು ಹೇಳಲಾಗದು. ಹಳೆಯ ಭಯ ಅಳಿಸಿಹೋಗುವುದಿಲ್ಲ. ‘ಅಂದುಕೊಂಡಂತೆ ಆಗಲಿಲ್ಲ’ ಎಂಬ ಹೊಸ ಕಲಿಕೆ ಅದನ್ನು ತಡೆಹಿಡಿಯುತ್ತದೆ.

ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಆಗುಂಬೆ ಘಾಟಿ ಇಳಿಯಲಾರದವರನ್ನು ತೆಗೆದುಕೊಳ್ಳಿ. ಏನಾಗುತ್ತದೆ ಎಂಬ ಅಂಜಿಕೆಯನ್ನು ಹೊರಡುವ ಮುನ್ನ ಬರೆದಿಡಬೇಕು. ‘ಭಯವಾಗುತ್ತೆ’ ಎಂದಷ್ಟೇ ಬರೆದರೆ ಸಾಲದು. ‘ನಾಲ್ಕನೇ ತಿರುವಿನೊಳಗೆ ಎಚ್ಚರ ತಪ್ಪಿ ಬೀಳುತ್ತೇನೆ, ನಂಬಿಕೆ ನೂರಕ್ಕೆ 80’ ಎಂದು ಬರೆಯಬೇಕು. ಆಗ ಮಾತ್ರ ಅದು ಸುಳ್ಳಾಗಲು ಸಾಧ್ಯ. ಸೋಮೇಶ್ವರದಲ್ಲಿ ಇಳಿದ ಕೂಡಲೇ ಏನಾಯಿತು, ಯಾವುದು ಅಚ್ಚರಿ ತಂದಿತು, ನಂಬಿಕೆ ಈಗೆಷ್ಟು ಎಂದು ಬರೆದಿಡಬೇಕು.

ಕೆಡುವುದು ಹೆಚ್ಚಾಗಿ ಇಲ್ಲೇ: ಕಿಸೆಯಲ್ಲಿ ಮಾತ್ರೆ, ಕೈಯಲ್ಲಿ ನೀರಿನ ಬಾಟಲಿ, ಬಾಗಿಲ ಬಳಿಯ ಸೀಟು, ಪಕ್ಕದಲ್ಲಿ ಅಕ್ಕ. ಬಿದ್ದಿಲ್ಲವಲ್ಲ ಎಂದರೆ, ‘ಅಕ್ಕ ಇದ್ದಳು, ಅದಕ್ಕೆ’ ಎನ್ನುತ್ತದೆ ಮನಸ್ಸು. ಈ ಆಸರೆಗಳನ್ನು ಒಂದೊಂದಾಗಿ ಬಿಡಬೇಕು. ಆದರೆ ದಿನವೂ ನುಂಗುವ ಆಲ್‌ಪ್ರಜೋಲಾಮ್ ತರಹದ, ಆತಂಕ ತಗ್ಗಿಸುವ ಮಾತ್ರೆಯನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಅಪಾಯ, ಫಿಟ್ಸ್ ಬರಬಹುದು. ವೈದ್ಯರೇ ಪ್ರಮಾಣ ಇಳಿಸಬೇಕು.

ಎಷ್ಟೋ ಜನರಿಗೆ ಘಾಟಿಗಿಂತ ತಮ್ಮ ಎದೆಬಡಿತದ್ದೇ ಭಯ. ಅಂಥವರು ಮೊದಲು ಕೋಣೆಯಲ್ಲೇ ಅದನ್ನು ಬೇಕೆಂದೇ ತರಿಸಿಕೊಳ್ಳುತ್ತಾರೆ: ಮೂಗು ಹಿಡಿದು ಸಣ್ಣ ಸ್ಟ್ರಾದಿಂದ ಒಂದು ನಿಮಿಷ ಉಸಿರಾಟ, ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು, ನಿಂತಲ್ಲೇ ಓಟ. ತಲೆ ಸುತ್ತಿದ ತಕ್ಷಣ ನಿಲ್ಲಿಸಿದರೆ ಕಲಿಯುವುದು ತಪ್ಪಿಸಿಕೊಳ್ಳುವುದನ್ನೇ. ಹೃದ್ರೋಗ, ಮೂರ್ಛೆರೋಗ, ಆಸ್ತಮಾ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಎದೆಬಡಿತಕ್ಕೆ ಥೈರಾಯ್ಡ್ ಕೂಡ ಕಾರಣವಿರಬಹುದು, ಅದರ ಪರೀಕ್ಷೆಯೂ ಮೊದಲೇ ಆಗಲಿ. ದಿನಕ್ಕೆಷ್ಟು ಲೋಟ ಕಾಫಿ ಎಂದು ಮಲೆನಾಡಿನಲ್ಲಿ ಕೇಳಲೇಬೇಕು. ಕೆಫೀನ್ ಕೆಲವರಲ್ಲಿ ನೇರವಾಗಿ ಪ್ಯಾನಿಕ್ (ಹಠಾತ್ ಭಯದ ಹೊಡೆತ) ಎಬ್ಬಿಸುತ್ತದೆ.

ಶಿವಮೊಗ್ಗದ ಕ್ಲಿನಿಕ್ಕಿನಲ್ಲಿ ಅಡಗಿದ ಭಯ ಘಾಟಿಯಲ್ಲಿ ಮತ್ತೆ ಏಳುವುದುಂಟು. ಹೊಸ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಆದ್ದರಿಂದ ಬಿಸಿಲಲ್ಲಿ, ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ, ಒಬ್ಬರೇ, ಬೇರೆ ಬೇರೆ ಹೊತ್ತಿನಲ್ಲಿ ಇಳಿಯಬೇಕು.

ದಿನವಿಡೀ ಕೊರೆಯುವ ಚಿಂತೆಯ ದಾರಿ ಬೇರೆ. ಮನಶ್ಶಾಸ್ತ್ರಜ್ಞ ಏಡ್ರಿಯನ್ ವೆಲ್ಸ್ ರೂಪಿಸಿದ ಮೆಟಾಕಾಗ್ನಿಟಿವ್ ಚಿಕಿತ್ಸೆ (ಯೋಚನೆಯೊಂದಿಗೆ ನಾವು ನಡೆದುಕೊಳ್ಳುವ ರೀತಿಯನ್ನೇ ಬದಲಿಸುವುದು), ಚಿಂತೆ ನಿಜವೋ ಸುಳ್ಳೋ ಎಂದು ವಾದಿಸುವುದಿಲ್ಲ. ‘ಅಡಿಕೆ ತೋಟಕ್ಕೆ ಕೊಳೆರೋಗ ಬಂದರೆ?’ ಎಂಬ ಯೋಚನೆ ಬೆಳಿಗ್ಗೆ ಬಂದರೆ, ಅದನ್ನು ಸಂಜೆಯ ಗೊತ್ತಾದ 15 ನಿಮಿಷಕ್ಕೆ ಮುಂದೂಡುವುದು. ಯೋಚನೆಯನ್ನು ಅದುಮುವುದಲ್ಲ, ಬೆನ್ನುಹತ್ತದೆ ಬಿಡುವುದು. ಮಲಗುವ ಹೊತ್ತಿಗೆ ಈ ಅವಧಿ ಇಟ್ಟುಕೊಂಡರೆ ನಿದ್ದೆ ಕೆಡುತ್ತದೆ. ಕೊಳೆ ತಡೆಯಲು ಬೋರ್ಡೋ ದ್ರಾವಣ ಹೊಡೆಸುವ ಕೆಲಸ ಮಾತ್ರ ಮುಂದೂಡುವ ಪಟ್ಟಿಯಲ್ಲಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಆವತ್ತೇ ಫೋನ್ ಮಾಡಬೇಕು.