ಘಮ ಪಕ್ಕದ ಮನೆಗೆ, ರುಚಿ ಯಾರಿಗೆ?

ನಾನು ತಂಬಾಕಿನ ಪೈಪ್ ಹಚ್ಚಿದ ಕೂಡಲೇ ಕಾಂಪೌಂಡಿನ ಆಚೆಯಿಂದ ‘ಆಹಾ, ಏನು ಘಮ ಸಾರ್!’ ಎಂಬ ಮಾತು ಬಂದರೆ ನನಗೆ ಅನುಮಾನ ಶುರುವಾಗುತ್ತದೆ. ಘಮವೆಲ್ಲ ಪಕ್ಕದ ಮನೆಗೆ ಹೋಯಿತಲ್ಲ, ನನ್ನ ನಾಲಿಗೆಗೆ ಏನು ಉಳಿಯಿತು? ವೆನಿಲಾ, ಚೆರ್ರಿ ಬೆರೆಸಿದ ತಂಬಾಕಿನ ಮೇಲೆ ನನ್ನ ತಕರಾರು ಇಷ್ಟೇ: ಸೇದುವವನೊಬ್ಬನನ್ನು ಬಿಟ್ಟು ಅದು ಬೀದಿಗೆಲ್ಲ ಉಪಕಾರ ಮಾಡುತ್ತದೆ. ಘಮ ಬೇಕಿದ್ದರೆ ಮೈಸೂರಿನಲ್ಲಿ ಊದಿನಕಡ್ಡಿಗೆ ಬರವೇ?

ಯಾವ ಡಬ್ಬಿಯ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆಯ ನಿಷೇಧವಿದೆ. ಪೈಪಿನ ಹೊಗೆಯಿಂದಲೂ ಬಾಯಿಯ ಕ್ಯಾನ್ಸರ್ ಬರುತ್ತದೆ. ಸೇದದವರು ಇದನ್ನು ಕೇಳಿ ಶುರು ಮಾಡಬೇಡಿ. ನನ್ನದು ವಾರಕ್ಕೊಮ್ಮೆ, ಅದೂ ತಾರಸಿಯಲ್ಲಿ. ಮನೆಯೊಳಗೆ ಹೆಂಡತಿಯ ಅನುಮತಿ ಇಲ್ಲ.

ಈ ಭಾನುವಾರ ತೆರೆದದ್ದು ವರ್ಜೀನಿಯಾ ತಂಬಾಕಿನ ಎಲೆಗೆ ಪೆರೀಕ್ ಎಂಬ ಇನ್ನೊಂದು ತಂಬಾಕನ್ನು ಸ್ವಲ್ಪ ಸೇರಿಸಿದ ಮಿಶ್ರಣ. ಎಲೆಗಳನ್ನು ಹಲಗೆಯಂತೆ ಒತ್ತಿ, ಆಮೇಲೆ ತೆಳ್ಳಗೆ ಕತ್ತರಿಸಿರುತ್ತಾರೆ. ಫ್ಲೇಕ್ ಎನ್ನುವುದು ಇದನ್ನೇ. ಮುಚ್ಚಳ ತೆಗೆದಾಗ ಮೊದಲು ಬಂದದ್ದು ಒಣಹುಲ್ಲಿನ ವಾಸನೆ, ಅದರ ಹಿಂದೆಯೇ ಒಣದ್ರಾಕ್ಷಿ. ಮೂಗನ್ನು ಇನ್ನಷ್ಟು ಹತ್ತಿರ ಒಯ್ದರೆ ಸಣ್ಣಗೆ ಹುಳಿ. ಆ ಹುಳಿ ಪೆರೀಕಿನದು. ಅಮೆರಿಕದ ಲೂಯಿಸಿಯಾನದ ಸೇಂಟ್ ಜೇಮ್ಸ್ ಎಂಬಲ್ಲಿ ಆ ಎಲೆಯನ್ನು ಮರದ ಪೀಪಾಯಿಗಳಲ್ಲಿ ಅದುಮಿ, ಅದರದೇ ರಸದಲ್ಲಿ ತಿಂಗಳುಗಟ್ಟಲೆ ಹುದುಗಿಸುತ್ತಾರೆ. ಊಟದ ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಇದ್ದಂತೆ ಅದು, ಒಂದು ಚೂರು ಹೆಚ್ಚಾದರೂ ಬೇರೆ ಯಾವುದೂ ರುಚಿಸುವುದಿಲ್ಲ.

ವರ್ಜೀನಿಯಾ ಮಾತ್ರ ನಮಗೆ ದೂರದ ಎಲೆಯಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ಮಳೆಗಾಲದಲ್ಲಿ ಬಸ್ಸಿನಲ್ಲಿ ಹೋದವರಿಗೆ ಬ್ಯಾರನ್, ಅಂದರೆ ತಂಬಾಕು ಒಣಗಿಸುವ ಮನೆಯ ವಾಸನೆಯನ್ನು ವಿವರಿಸಬೇಕಾಗಿಲ್ಲ. ಹಸಿರು ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ. ಕಬ್ಬಿಣದ ಕೊಳವೆಗಳಲ್ಲಿ ಹರಿಯುವ ಶಾಖವಷ್ಟೇ ಒಳಗೆ ಸೇರುತ್ತದೆ, ಹೊಗೆ ಸೊಪ್ಪಿಗೆ ತಾಗುವುದಿಲ್ಲ. ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಸೊಪ್ಪು ಹಳದಿಗೆ ತಿರುಗುತ್ತದೆ. ಅದರೊಳಗಿನ ಪಿಷ್ಟ ಸಕ್ಕರೆಯಾಗುವುದು ಆಗಲೇ. ಆಮೇಲೆ ಶಾಖ ಏರಿಸುತ್ತಾ ಹೋಗಿ, ನಡುದಂಟು ಒಣಗುವ ಹೊತ್ತಿಗೆ ಸುಮಾರು 70 ಡಿಗ್ರಿಗೆ ತರುತ್ತಾರೆ. ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ನೆರಳಿನಲ್ಲಿ ನಿಧಾನವಾಗಿ ಒಣಗುವ ಬರ್ಲಿ ಎಂಬ ಜಾತಿಯ ತಂಬಾಕಿನಲ್ಲಿ ಅದು ಬಹುಪಾಲು ಕರಗಿಹೋಗುತ್ತದೆ. ಆದ್ದರಿಂದಲೇ ಬರ್ಲಿಗೆ ಮೇಲಿನಿಂದ ಸಿಹಿ, ಪರಿಮಳ ಹಾಕುವುದು ರೂಢಿ. ವರ್ಜೀನಿಯಾಕ್ಕೂ ಚೆರ್ರಿ ಸುರಿದರೆ ಮಂಡ್ಯದ ಆಲೆಮನೆಗೆ ಹೋಗಿ ಬಿಸಿ ಬೆಲ್ಲಕ್ಕೆ ಸಕ್ಕರೆ ಉದುರಿಸಿದಂತೆ.

ಹುಣಸೂರಿನ ಹತ್ತಿರ ನಮ್ಮ ಭಾವನಿಗೆ ಬ್ಯಾರನ್ ಇದೆ. ಬೆಂಕಿ ಕಾಯುತ್ತಾ ಎಷ್ಟೋ ರಾತ್ರಿ ಅದರ ಮುಂದೆಯೇ ಮಲಗಿದವನು. ಬೀಡಿ ಕೂಡ ಸೇದುವುದಿಲ್ಲ. ಹೋದ ತಿಂಗಳು ಅವನ ಮುಂದೆ ಎರಡು ಡಬ್ಬಿ ಇಟ್ಟೆ. ಚೆರ್ರಿಯದನ್ನು ಮೂಸಿ, ‘ಇದೇನಪ್ಪಾ, ಬೇಕರಿಯಿಂದ ತಂದೆಯಾ?’ ಎಂದ. ಫ್ಲೇಕ್ ಮೂಸಿದವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಒಂದು ತುಂಡನ್ನು ಬೆರಳಲ್ಲಿ ಹಿಸುಕಿ, ಬೆಳಕಿಗೆ ಹಿಡಿದು, ‘ಸೊಪ್ಪು ಚೆನ್ನಾಗಿ ಹಣ್ಣಾದ ಮೇಲೆಯೇ ಕಿತ್ತಿದ್ದಾರೆ’ ಎಂದ. ಇಷ್ಟು ವರ್ಷ ಪೈಪ್ ಸೇದಿಯೂ ನನಗೆ ಹೊಳೆಯದ ಮಾತು ಅದು.

ಇನ್ನು ಸೇದಿದಾಗ ಹೇಗಿತ್ತು? ಮೊದಲ ಕಾಲು ಗಂಟೆ ನಿಜಕ್ಕೂ ಸೊಗಸು. ಹುರಿದ ಬ್ರೆಡ್ಡಿನ ಅಂಚಿನಂಥ ಸಿಹಿ, ಹೊಗೆಯನ್ನು ಮೂಗಿನಿಂದ ಬಿಟ್ಟರೆ ಕರಿಮೆಣಸಿನ ಚುರುಕು. ಆದರೆ ಈ ಮಿಶ್ರಣಕ್ಕೆ ಅವಸರ ಆಗದು. ಎರಡು ಬಾರಿ ಜೋರಾಗಿ ಎಳೆದರೆ ಪೈಪಿನ ಬಟ್ಟಲು ಕಾದು, ಸಿಹಿ ಮಾಯವಾಗಿ, ನಾಲಿಗೆಯ ತುದಿ ಬಿಸಿ ಕಾಫಿ ಕುಡಿದಂತೆ ಉರಿಯುತ್ತದೆ. ಡಬ್ಬಿಯಿಂದ ತೆಗೆದ ತಕ್ಷಣ ತುಂಬಿದ್ದು ನನ್ನದೇ ತಪ್ಪು. ಎಲೆ ಇನ್ನೂ ತೇವವಾಗಿತ್ತು. ಅರ್ಧ ದಾರಿಯಲ್ಲಿ ಪೈಪ್ ಗುಳುಗುಳು ಎನ್ನತೊಡಗಿತು, ಐದು ಕಡ್ಡಿ ಗೀರಬೇಕಾಯಿತು. ಎರಡನೆಯ ಸಲ ತುಂಡುಗಳನ್ನು ಪುಡಿಮಾಡಿ, ಕಾಗದದ ಮೇಲೆ ಅರ್ಧ ಗಂಟೆ ಹರಡಿಟ್ಟೆ. ಬಟ್ಟಲಿನ ತಳಕ್ಕೆ ಸಡಿಲವಾಗಿ, ಮೇಲೆ ಸ್ವಲ್ಪ ಬಿಗಿಯಾಗಿ ತುಂಬಿದೆ. ಎರಡೇ ಕಡ್ಡಿ ಸಾಕಾಯಿತು, ಕೊನೆಯಲ್ಲಿ ಉಳಿದದ್ದು ಒಣಗಿದ ಬೂದಿ. ದೂರು ಇಲ್ಲದಿಲ್ಲ: ಕೊನೆಯ ಭಾಗದಲ್ಲಿ ಪೆರೀಕ್ ಮೇಲುಗೈ ಸಾಧಿಸಿ, ಖಾಲಿ ಹೊಟ್ಟೆಯಾದರೆ ತಲೆ ಸುತ್ತಿಸುತ್ತದೆ. ಊಟಕ್ಕೆ ಮುಂಚೆ ಇದನ್ನು ಹಚ್ಚುವುದು ದಡ್ಡತನ.

ಉಳಿದದ್ದನ್ನು ಗಾಜಿನ ಭರಣಿಗೆ ತುಂಬಿ ಬಾಯಿ ಬಿಗಿ ಮಾಡಿದ್ದೇನೆ. ವರ್ಜೀನಿಯಾ ಇಟ್ಟಷ್ಟೂ ಮಾಗುತ್ತದೆ. ಮುಂದಿನ ದಸರಾಕ್ಕೆ ತೆಗೆದು ನೋಡುತ್ತೇನೆ. ಚೆರ್ರಿಯ ಡಬ್ಬಿ ಅಲ್ಲೇ ಕಿಟಕಿಯ ಮೇಲಿದೆ. ನಿನ್ನೆ ಸಂಜೆ ಪಕ್ಕದ ಮನೆಯವರು ಗೇಟಿನ ಹತ್ತಿರ ನಿಲ್ಲಿಸಿ, ಸ್ವಲ್ಪ ಸಂಕೋಚದಿಂದಲೇ ಕೇಳಿದರು: ‘ಏನು ಸಾರ್, ಈಗೀಗ ಆ ಹಳೆಯದನ್ನು ಸೇದುವುದೇ ಇಲ್ಲವಲ್ಲ?’